ಫರ್ಲೋ ದೊರೆಸಾನಿ

ದೊರೆಸಾನಿಯವರ ಫರ್ಲೋ ಹತ್ತಿರ ಬಂತೆಂಬ ಸುದ್ದಿ ಮಿಷನ್ ಕಾಂಪೌಂಡಿನಲ್ಲಿ ಎಲ್ಲರಿಗಿಂತ ಮೊದಲು ಮುಟ್ಟುತ್ತಿದ್ದದ್ದು ಕೋಳಿಗಳಿಗೆ. ಭಾನುವಾರಕ್ಕೊಂದರಂತೆ ಹೋಗುತ್ತಿದ್ದ ಕೋಳಿ ದಿನ ಬಿಟ್ಟು ದಿನ ಹೋಗತೊಡಗಿತೆಂದರೆ, ಬಟ್ಲರ್ ಅಡಿಗೆಮನೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿ, "ಹಡಗಿನ ಟಿಕೀಟು ಬಂತು ಕಣಯ್ಯಾ" ಎಂದು ಮಾಲಿಗೆ ಹೇಳುತ್ತಿದ್ದ. ಹಡಗು ಹೊರಡಲು ಇನ್ನೂ ಐದು ತಿಂಗಳಿರುತ್ತಿತ್ತು. ಆ ಐದು ತಿಂಗಳೂ ಸಾಲುತ್ತಿರಲಿಲ್ಲ ಎಂಬುದು ಬೇರೆ ಮಾತು.

ಐದಾರು ವರ್ಷ ಇಲ್ಲಿ ದುಡಿದ ಮಿಷನರಿ ಸಂಸಾರ ಸ್ವದೇಶಕ್ಕೆ ಹೋಗಿ ವರ್ಷಕಾಲ ಇದ್ದುಬರುವ ರಜೆಯೇ ಫರ್ಲೋ. ನಾನು ಹೇಳುತ್ತಿರುವುದು 1950ರ ಆಸುಪಾಸಿನ ಮಾತು. ಜಾಗ ಹಳೇ ಮೈಸೂರು ಕಡೆಯ ಯಾವುದೋ ತಾಲ್ಲೂಕು ಪಟ್ಟಣ ಎಂದಿಟ್ಟುಕೊಳ್ಳಿ. ದೊರೆಸಾನಿಯೂ ಒಬ್ಬರೇ ಅಲ್ಲ. ನಾಲ್ಕಾರು ಕಾಂಪೌಂಡುಗಳ ಹಳಬರ ಬಾಯಲ್ಲಿ ಕೇಳಿದವರನ್ನೆಲ್ಲ ಒಂದೇ ಸೋಲಾ ಟೋಪಿಯ ಕೆಳಗೆ ನಿಲ್ಲಿಸಿದ್ದೇನೆ. ಟೋಪಿ ಸ್ವಲ್ಪ ಇಕ್ಕಟ್ಟಾಗಬಹುದು.

ಬಂಗಲೆಯ ವರಾಂಡದಲ್ಲಿ ಮೂರು ರಾಶಿ ಬೀಳುವುದರಿಂದ ಕೆಲಸ ಶುರು. ಒಯ್ಯುವುದು, ಇಡುವುದು, ಕೊಡುವುದು. ದೊರೆಸಾನಿಯವರು ಕನ್ನಡ ಕಲಿತದ್ದು ಮುನ್ಷಿಯಿಂದ, ಬೈಬಲಿನಿಂದ, ಮಿಷನ್ನಿನವರ ಪರೀಕ್ಷೆಯ ಭಯದಿಂದ. ಹಾಗಾಗಿ ತೂತುಬಿದ್ದ ಬಾಣಲೆಯ ಮುಂದೆ ನಿಂತಾಗಲೂ ಅವರ ಬಾಯಿಂದ ಬರುತ್ತಿದ್ದದ್ದು ಪುಲ್ಪಿಟ್ಟಿನ ಕನ್ನಡವೇ. "ಇಗೋ, ಈ ಪಾತ್ರೆಯು ಇನ್ನು ಮುಂದೆ ನಮಗೆ ನಿಷ್ಪ್ರಯೋಜಕವಾಗಿದೆ. ಇದನ್ನು ತ್ಯಜಿಸೋಣ."

"ಆಗಲಿ ಅಮ್ಮಾವ್ರೇ" ಎಂದು ಬಟ್ಲರ್ ಬಾಣಲೆಯನ್ನು ಕೊಡುವ ರಾಶಿಗೆ ಹಾಕುವನು. ಸಂಜೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ದೊರೆಸಾನಿಯವರಿಗೆ ಮನಸ್ಸು ತಡೆಯದು. ಬಾಣಲೆಗೆ ಕಲಾಯಿಯವನ ಹತ್ತಿರ ಒಂದು ತೇಪೆ ಹಾಕಿಸಿದರೆ ಇನ್ನೊಂದು ಟರ್ಮು ಬಂದೀತು. ರಾತ್ರಿ ಲಾಟೀನು ಹಿಡಿದು ಬಂದು ಅದನ್ನು ಎತ್ತಿ ಇಡುವ ರಾಶಿಗೆ ಸೇರಿಸುವರು. ಬೆಳಿಗ್ಗೆ ಬಟ್ಲರ್ ನೋಡಿದರೆ ಕೊಡುವ ರಾಶಿಯಲ್ಲಿ ಉಳಿದಿರುವುದು ದೊರೆಗಳ ಪುಸ್ತಕಗಳು ಮಾತ್ರ.

ದೊರೆಗಳ ವಿಷಯ ಹೆಚ್ಚು ಹೇಳುವಂತಿಲ್ಲ. ಅವರು ಈ ಐದು ತಿಂಗಳೂ ಹಳ್ಳಿ ಸರ್ಕೀಟಿನಲ್ಲಿರುತ್ತಿದ್ದರು. ಬುದ್ಧಿವಂತರು.

ಬಾಣಲೆಗಿಂತ ದೊಡ್ಡ ಗಂಡಾಂತರ ಡಬ್ಬಿಗಳದು. ಬಿಸ್ಕತ್ತಿನ ಡಬ್ಬಿ, ಕೋಕೋ ಡಬ್ಬಿ, ಕ್ರಿಸ್‌ಮಸ್ಸಿಗೆ ಯಾರೋ ಕಳಿಸಿದ ಕೇಕಿನ ಡಬ್ಬಿ. ಒಂದನ್ನೂ ಎಸೆಯುವಂತಿಲ್ಲ. ದೊಡ್ಡದರೊಳಗೆ ಚಿಕ್ಕದು, ಅದರೊಳಗೆ ಇನ್ನೂ ಚಿಕ್ಕದು, ಕಟ್ಟಕಡೆಯ ಡಬ್ಬಿಯೊಳಗೆ ನಾಲ್ಕು ಗುಂಡಿ, ಒಂದು ತುಕ್ಕು ಹಿಡಿದ ಬೀಗದ ಕೈ. ಬೀಗ ಯಾವುದೆಂದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಅದನ್ನು ಜೋಪಾನ ಮಾಡಬೇಕು. ಅದೇ ವಾರ ಹೆಂಗಸರ ಬೈಬಲ್ ಕ್ಲಾಸಿನಲ್ಲಿ, ಭೂಮಿಯ ಮೇಲೆ ಆಸ್ತಿ ಕೂಡಿಟ್ಟರೆ ನುಸಿ, ತುಕ್ಕು, ಕಳ್ಳರ ಪಾಲಾಗುತ್ತದೆಂಬ ಪಾಠ. ದೊರೆಸಾನಿಯವರು ಬಹಳ ಚೆನ್ನಾಗಿ ಹೇಳಿದರು. ವರಾಂಡದಲ್ಲಿ ಚಾಪೆ ಹಾಸಲು ಜಾಗವಿಲ್ಲದೆ ಹೆಂಗಸರು ಕೇಳಿದ್ದು ದಬ್ಬಳದಲ್ಲಿ ಹೊಲಿದಿಟ್ಟ ಗೋಣಿಮೂಟೆಗಳ ಮೇಲೆ ಕೂತು. ಅಷ್ಟು ಹೊತ್ತೂ ನುಸಿಗುಳಿಗೆಯ ಘಾಟಿಗೆ ಸೀನು.

ಇಡುವುದೇನೋ ಸರಿ, ಎಲ್ಲಿ ಇಡುವುದು? ಬಂಗಲೆ ಮಿಷನ್ನಿನದು. ಈ ಒಂದು ವರ್ಷ ಅಲ್ಲಿ ಇನ್ನೊಂದು ಸಂಸಾರ ಬಂದಿರುತ್ತದೆ, ಅಂದರೆ ಇನ್ನೊಬ್ಬ ದೊರೆಸಾನಿ. ಮನುಷ್ಯರೆಲ್ಲ ಪಾಪಿಗಳೆಂದು ನಮ್ಮ ದೊರೆಸಾನಿಯವರು ಊರಿಗೆಲ್ಲ ಹೇಳುತ್ತಿದ್ದರೂ ಆ ಮಾತನ್ನು ಮನಸಾರೆ ನಂಬುತ್ತಿದ್ದದ್ದು ತಮ್ಮ ಟೀ ಕೆಟಲ್ಲು ಬೇರೆಯವರ ಕೈಗೆ ಹೋಗುವಾಗ. ಮಿಷನ್ನಿನ ಸಾಮಾನಿಗೆ ಒಂದು ಪುಸ್ತಕ, ಸ್ವಂತದ್ದಕ್ಕೆ ಇನ್ನೊಂದು. ಮಂಚ ನಾಲ್ಕು, ಮಿಷನ್. ಸೊಳ್ಳೆಪರದೆ ಎರಡು, ಸ್ವಂತ. ಊಟದ ಮೇಜು, ಮಿಷನ್. ಮೇಜಿನ ಕುಂಟುಕಾಲಿಗೆ ಕೊಟ್ಟ ಮರದ ಬೆಣೆ, ಸ್ವಂತ. ಬೆಣೆಯನ್ನು ಕಿತ್ತು ಪ್ಯಾಕ್ ಮಾಡಬೇಕೇ ಎಂದು ಬಟ್ಲರ್ ಕೇಳಿದ್ದಕ್ಕೆ ಅವರು ನಿಜವಾಗಿಯೂ ಯೋಚಿಸಿದರಂತೆ.

ಸ್ವಂತದ್ದೆಲ್ಲ ಹಿಂದಿನ ಗುದಾಮಿಗೆ. ಗುದಾಮಿನಲ್ಲಿ ಗೆದ್ದಲು. ಆದ್ದರಿಂದ ಬೀರುವಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು, ಬಟ್ಟಲಿಗೆ ಎರಡು ಹನಿ ಸೀಮೆಎಣ್ಣೆ, ಬಟ್ಟೆಯ ಮಡಿಕೆಗಳ ನಡುವೆ ಬೇವಿನೆಲೆ. ಒಂದು ವರ್ಷ ಆ ಬಟ್ಟಲುಗಳ ನೀರು ಆರದಂತೆ ನೋಡಿಕೊಳ್ಳುವುದು ಮಾಲಿಯ ಜವಾಬ್ದಾರಿ. ಮಾಲಿ ತಲೆಯಾಡಿಸುವನು. ಗುಲಾಬಿಗೇ ದಿನಾ ನೀರು ಹಾಕದವನು ಬೀರುವಿಗೆ ಹಾಕುವನೇ ಎಂಬ ಸಂಶಯ ದೊರೆಸಾನಿಯವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಗುದಾಮಿಗೆ ಹಿಡಿಸದ್ದು ಊರ ಪಾಲು. ಹಾರ್ಮೋನಿಯಂ ಸ್ಕೂಲ್ ಮೇಷ್ಟರ ಮನೆಗೆ, ಹೊಲಿಗೆ ಮೆಷೀನು ಮನೆಮನೆಗೆ ಹೋಗಿ ಬೈಬಲ್ ಓದಿ ಹೇಳುವ ಬೈಬಲ್ ಅಮ್ಮನಿಗೆ, ಗೋಡೆ ಗಡಿಯಾರ ಚರ್ಚಿನ ಅಯ್ಯಗಳಿಗೆ, ನಾಯಿ ಮಿಷನ್ ಆಸ್ಪತ್ರೆಯ ಡಾಕ್ಟರಿಗೆ. ಕೊಡುವಾಗ ಎಲ್ಲರಿಗೂ ಒಂದೇ ಮಾತು: "ಇದು ನಿಮ್ಮ ಬಳಿಯಲ್ಲಿ ಇರಲಿ." ಕೊಟ್ಟರೋ ಇಟ್ಟರೋ? ಕೇಳುವ ಧೈರ್ಯ ಯಾರಿಗೂ ಇಲ್ಲ. ಮೇಷ್ಟರು ವರ್ಷವೆಲ್ಲ ಹಾರ್ಮೋನಿಯಂ ಮುಟ್ಟದೆ ಮೇಲೊಂದು ಪಂಚೆ ಹೊದಿಸಿಟ್ಟರು. ಬೈಬಲ್ ಅಮ್ಮ ಕೊಟ್ಟರೆಂದೇ ತಿಳಿದು ಊರಿನ ರವಿಕೆಯನ್ನೆಲ್ಲ ಹೊಲಿದರು. ಇಬ್ಬರಲ್ಲಿ ಸುಖವಾಗಿದ್ದವರು ಯಾರೆಂದು ಬೇರೆ ಹೇಳಬೇಕಿಲ್ಲ.

ಚಿಲ್ಲರೆ ಸಾಮಾನಿಗೆ ಒಂದು ಶನಿವಾರ ಹರಾಜು. ಆ ದಿನ ಶಾನುಭೋಗರು ಎಂಟಾಣೆಗೆ ಕೂಗಿ ಕೊಂಡದ್ದು ಟೋಸ್ಟ್ ರೊಟ್ಟಿ ನಿಲ್ಲಿಸುವ ಬೆಳ್ಳಿ ಬಣ್ಣದ ಸ್ಟ್ಯಾಂಡು. ಅದರ ಸಂದುಗಳಲ್ಲಿ ಕಂದಾಯದ ರಸೀದಿಗಳನ್ನು ಗ್ರಾಮವಾರು ಸಿಕ್ಕಿಸಿ ಜಗಲಿಯ ಮೇಜಿನ ಮೇಲಿಟ್ಟರು. ಅಮಲ್ದಾರರು ಜಮಾಬಂದಿಗೆ ಬಂದಾಗ ನೋಡಿ ಮೆಚ್ಚಿದರೆಂದು ಪ್ರತೀತಿ. ನನ್ನ ಮಟ್ಟಿಗೆ ಟೋಸ್ಟಿಗಿಂತ ರಸೀದಿಗೇ ಅದು ಹೆಚ್ಚು ಒಪ್ಪುತ್ತದೆ. ಟೋಸ್ಟು ಅದರಲ್ಲಿ ತಣ್ಣಗಾಗುತ್ತದೆ.

ರಜೆಗೆ ಹೊರಡುವ ಈ ರಗಳೆ ಎಲ್ಲ ಮಿಷನರಿಗಳಿಗೂ ಇತ್ತೆಂದಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನ ಮೊದಲ ಮೂವರಲ್ಲಿ ಒಬ್ಬರಾದ ಸ್ಯಾಮ್ಯುಯೆಲ್ ಹೆಬಿಕ್ ಊರಿಗೆ ಹಿಂದಿರುಗಿದ್ದು 1859ರಲ್ಲಿ, ಇಪ್ಪತ್ತೈದು ವರ್ಷ ಕಳೆದ ಮೇಲೆ. ಅವರು ಬ್ರಹ್ಮಚಾರಿ. ಸಂಸಾರವಿಲ್ಲದವರಿಗೆ ಸಾಮಾನೂ ಇಲ್ಲ, ಸಾಮಾನಿಲ್ಲದವರಿಗೆ ರಜೆಯ ನೆನಪೂ ಆಗುವುದಿಲ್ಲ. ಅದೇ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ 1892ರಲ್ಲಿ ಕಾಯಮ್ಮಾಗಿ ಜರ್ಮನಿಗೆ ಹೊರಟಾಗ ಮನೆಯಲ್ಲಿ ಪಾತ್ರೆಪಡಗ ಎಷ್ಟಿದ್ದವೋ, ತಲೆಯಲ್ಲಂತೂ ಸುಮಾರು 70,000 ಕನ್ನಡ ಶಬ್ದಗಳಿದ್ದವು. ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ.

ಆ ಹಿಂದಿನ ಕಾಲದ ರಜೆಯಲ್ಲಿ ನಗಲಾರದ ಸಂಗತಿಯೂ ಒಂದಿತ್ತು. ಅಲ್ಲಿಗೆ ಒಯ್ದು ಬಿಟ್ಟುಬರುತ್ತಿದ್ದದ್ದು ಮಕ್ಕಳನ್ನು. ಬಾಸೆಲ್ ಮಿಷನ್ನಿನವರೇ ಆದ ಮಲಯಾಳಂ ನಿಘಂಟುಕಾರ ಹರ್ಮನ್ ಗುಂಡರ್ಟ್ ದಂಪತಿ 1846ರಲ್ಲಿ ಯೂರೋಪಿನಿಂದ ಮರಳುವಾಗ ಮರೀ ಎಂಬ ಪುಟ್ಟ ಮಗಳನ್ನು ಅಲ್ಲೇ ಬಿಟ್ಟರು. ಆಕೆ ಮತ್ತೆ ಇಂಡಿಯಾಕ್ಕೆ ಬಂದದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿ ಈಕೆ. 1853ರಲ್ಲಿ ಮಿಷನ್ನು ಇಂಥ ಮಕ್ಕಳಿಗೆಂದೇ ಬಾಸೆಲ್‌ನಲ್ಲಿ ಒಂದು ಮನೆ ತೆರೆಯಿತು. ಇದನ್ನು ಓದಿದ ಮೇಲೆ, ಖಾಲಿ ಡಬ್ಬಿಯನ್ನೂ ಬಿಡಲಾರದ ದೊರೆಸಾನಿಯವರ ಮೇಲೆ ನನಗಿದ್ದ ಸಿಟ್ಟು ಅರ್ಧ ಇಳಿಯಿತು.

ಮತ್ತೆ ನಮ್ಮ ವರಾಂಡಕ್ಕೆ ಬರೋಣ. ಈಗ ಒಯ್ಯುವ ರಾಶಿ. ಇದರಲ್ಲಿ ಬಟ್ಟೆಬರೆ ಇರುತ್ತದೆಂದು ನೀವು ಊಹಿಸಿದ್ದರೆ ಫರ್ಲೋ ಎಂದರೇನೆಂದು ನಿಮಗೆ ಗೊತ್ತಿಲ್ಲ. ರಜೆಯೆಂಬುದು ಹೆಸರಿಗೆ. ಅಲ್ಲಿ ಊರೂರಿನ ಚರ್ಚುಗಳಿಗೆ ಹೋಗಿ ಇಂಡಿಯಾದ ಕೆಲಸದ ಬಗ್ಗೆ ಭಾಷಣ ಮಾಡಬೇಕು, ಭಾಷಣಕ್ಕೆ ತೋರಿಸಲು ಸಾಮಾನು ಬೇಕು. ಹಿತ್ತಾಳೆ ದೀಪ, ಚನ್ನಪಟ್ಟಣದ ಗೊಂಬೆ, ಲಂಬಾಣಿ ಲಂಗ, ಅಡಕತ್ತರಿ, ಒರಳುಕಲ್ಲು. ಬಟ್ಲರನ ಹೆಂಡತಿ ದಿನಾ ರುಬ್ಬುತ್ತಿದ್ದ ಒರಳು ಇಂಗ್ಲೆಂಡಿಗೆ ಹೋಗುತ್ತದೆಂದಾಗ ಆಕೆಗೆ ಮೊದಲು ಹೆಮ್ಮೆಯಾಯಿತು. ಸಾಯಂಕಾಲ ಚಟ್ನಿ ರುಬ್ಬಬೇಕಾದಾಗ ಹೆಮ್ಮೆ ಇಳಿಯಿತು. ಕೊನೆಗೆ ದೊರೆಗಳೇ ಸರ್ಕೀಟಿನಿಂದ ಬಂದು, ಎತ್ತಿ ನೋಡಿ, ಒರಳನ್ನು ಬಿಡಿಸಿದರು. ಆ ಐದು ತಿಂಗಳಲ್ಲಿ ಅವರು ಹೇಳಿದ ಏಕೈಕ ಮಾತು ಅದು.

ಜೊತೆಗೆ ಟೀ ಸೊಪ್ಪು, ಸಕ್ಕರೆ. ಯುದ್ಧ ಮುಗಿದು ವರ್ಷಗಳಾದರೂ ಅಲ್ಲಿ ರೇಷನ್ ಮುಗಿದಿರಲಿಲ್ಲ. ಟೀ ಮೇಲಿನ ಹತೋಟಿ ಹೋದದ್ದು 1952ರಲ್ಲಿ, ಸಕ್ಕರೆಯದು 1953ರಲ್ಲಿ, ಮಾಂಸದ್ದು 1954ರಲ್ಲಿ. ಇಲ್ಲಿಯೂ ರೇಷನ್ನೇ. "ಅಮ್ಮಾವ್ರೇ, ರಾಜರ ದೇಶದಲ್ಲೂ ಕ್ಯೂ ನಿಲ್ತಾರಾ?" ಎಂದು ಬಟ್ಲರ್ ಕೇಳಿದ್ದಕ್ಕೆ ದೊರೆಸಾನಿಯವರು, "ಅಲ್ಲಿ ಬಹಳ ಶಿಸ್ತಾಗಿ ನಿಲ್ಲುವರು" ಎಂದರು.

ಹಡಗಿನ ಕಂಪನಿಯವರು ಕಳಿಸುತ್ತಿದ್ದ ಚೀಟಿಗಳಲ್ಲಿ ಎರಡು ಮುಖ್ಯ. ಪ್ರಯಾಣದಲ್ಲಿ ಬೇಕಾದ ಪೆಟ್ಟಿಗೆಗೆ ಒಂದು, ಬೇಡದ್ದಕ್ಕೆ ಒಂದು. ಬೇಡದ್ದು ಹಡಗಿನ ಹೊಟ್ಟೆಗೆ ಹೋಗಿ, ಇಳಿಯುವವರೆಗೆ ಕೈಗೆ ಸಿಗದು. ಬಟ್ಲರನಿಗೆ ಓದು ಬಾರದಿದ್ದರೂ ಗೋಂದು ಹಚ್ಚುವುದು ಚೆನ್ನಾಗಿ ಬರುತ್ತಿತ್ತು. ಮಕ್ಕಳ ಚಡ್ಡಿಗಳ ಟ್ರಂಕು ಹೊಟ್ಟೆಗೆ ಹೋಯಿತು. ಡಬ್ಬಿಗಳ ಟ್ರಂಕು ಮೂರು ವಾರ ಕ್ಯಾಬಿನ್ನಿನಲ್ಲಿ ಅವರ ತಲೆಗಡೆಯೇ ಇತ್ತು. ಬಾಗಿಲಲ್ಲಿ ನಿಂತಿದ್ದ ದೊರೆಗಳಿಗೆ ಯಾವ ಚೀಟಿ ಹಚ್ಚಲೆಂದು ಅವನು ಕೇಳಿದನೆಂಬುದು ಮಾತ್ರ ಮಾಲಿ ಕಟ್ಟಿದ ಕತೆ ಇರಬೇಕು.

ಅರಸೀಕೆರೆಯಲ್ಲಿ ಮೀಟರ್‌ಗೇಜ್ ರೈಲು, ಪುಣೆಯಲ್ಲಿ ಇಳಿದು ಬ್ರಾಡ್‌ಗೇಜು, ಬೊಂಬಾಯಿಯಲ್ಲಿ ಬ್ಯಾಲರ್ಡ್ ಪಿಯರ್, ಅಲ್ಲಿಂದ ಲಿವರ್‌ಪೂಲಿಗೆ ಆಂಕರ್ ಲೈನಿನ ಹಡಗು. ಪ್ರತಿ ಕಡೆಯೂ ಸಾಮಾನು ಎಣಿಕೆ. ಪೋರ್ಟ್ ಸಯೀದ್ ದಾಟಿದ ಮೇಲೆ ಇಂಡಿಯಾ ಬಿಟ್ಟ ಬಿಳಿಯರು ಸೋಲಾ ಟೋಪಿಯನ್ನು ಸಮುದ್ರಕ್ಕೆ ಎಸೆಯುವ ರೂಢಿಯಿತ್ತು. ನಮ್ಮ ದೊರೆಸಾನಿಯವರು ಎಸೆಯಲಿಲ್ಲ. ಒಳಗಡೆ ಹತ್ತಿ ತುಂಬಿದರೆ ಅದು ಟೀಪಾಟಿಗೆ ಒಳ್ಳೆಯ ಹೊದಿಕೆ.

ವರ್ಷ ಕಳೆದು ಅವರು ಮರಳಿದಾಗ ಸಾಮಾನು ಕಡಿಮೆಯಾಗಿತ್ತೇ? ಹೋದಾಗ ಹನ್ನೆರಡಿದ್ದ ಟ್ರಂಕು ಈಗ ಹತ್ತೊಂಬತ್ತು. ಅಲ್ಲಿನ ಚರ್ಚುಗಳ ಹೆಂಗಸರು ತಮ್ಮ ಮನೆಯ ಅಟ್ಟಗಳನ್ನು ಗುಡಿಸಿ, ಬೇಡದ್ದನ್ನೆಲ್ಲ ಇಂಡಿಯಾದ ಬಡವರಿಗೆಂದು ಕಟ್ಟಿಕೊಟ್ಟಿದ್ದರು. ಆ ವರ್ಷ ಏಪ್ರಿಲ್ ಬಿಸಿಲಿನಲ್ಲಿ ನಮ್ಮ ಹಾಸ್ಟೆಲಿನ ಮಕ್ಕಳು ಉಣ್ಣೆಯ ಕೋಟು ತೊಟ್ಟು ಸಾಲಾಗಿ ನಿಂತು ವಂದನೆ ಹೇಳಿದರು. ಮಾರನೆಯ ದಿನದಿಂದ ದೊರೆಸಾನಿಯವರ ಮನೆಮನೆ ಭೇಟಿ. ಕುಶಲಪ್ರಶ್ನೆ, ಪ್ರಾರ್ಥನೆ, ಆಮೇಲೆ ಮೃದುವಾಗಿ: "ನನ್ನ ಮೊಟ್ಟೆ ಕಡೆಯುವ ಯಂತ್ರವು ಕ್ಷೇಮವಾಗಿದೆಯೋ?" ಬೈಬಲ್ ಅಮ್ಮ ಹೊಲಿಗೆ ಮೆಷೀನನ್ನು ವಾಪಸು ಕೊಡಲಿಲ್ಲ. ರವಿಕೆ ಹೊಲಿದ ದುಡ್ಡಿನಲ್ಲಿ ಚರ್ಚಿಗೆ ಜಮಖಾನ ತಂದಿದ್ದರು; ಅದರ ಮೇಲೇ ನಿಂತು ದೊರೆಸಾನಿಯವರು ಏನು ಕೇಳಿಯಾರು?

1966ರಲ್ಲಿ ಆಂಕರ್ ಲೈನಿನ ಸರ್ಕೇಸಿಯಾ ಬೊಂಬಾಯಿಯಿಂದ ಕೊನೆಯ ಸಲ ಜನರನ್ನು ಹೊತ್ತು ಹೋಯಿತು. ಆಮೇಲೆ ವಿಮಾನ, ತಲೆಗೆ ಇಪ್ಪತ್ತು ಕಿಲೋ ಲೆಕ್ಕ. ಐದು ತಿಂಗಳ ಕೆಲಸ ಒಂದು ಸಂಜೆಗೆ ಇಳಿಯಿತು. ದೊರೆಸಾನಿಯರೂ ಒಬ್ಬೊಬ್ಬರಾಗಿ ಹೋದರು, ಬಂಗಲೆಗಳು ಹಾಸ್ಟೆಲೋ ಆಫೀಸೋ ಆದವು. ಆದರೆ ಅವರು ಊರ ಮನೆಗಳಲ್ಲಿ ಇಟ್ಟುಹೋದದ್ದು ಇನ್ನೂ ಅಲ್ಲಲ್ಲಿ ಅಟ್ಟದ ಮೇಲಿದೆ. ನಿಮ್ಮ ಮನೆಯಲ್ಲೂ ಪಂಚೆ ಹೊದಿಸಿದ ಹಾರ್ಮೋನಿಯಮ್ಮೋ ಮೊಟ್ಟೆ ಕಡೆಯುವ ಯಂತ್ರವೋ ಇದ್ದರೆ, ದಯವಿಟ್ಟು ಕೆಳಗಿಳಿಸಿ ಬಳಸಿ. ಇನ್ನು ಕೇಳಲು ಯಾರೂ ಬರುವುದಿಲ್ಲ.