ಸ್ವೋರ್ಸ್ಕ್ ಮೀಮಾಂಸೆ

ಲಕ್ಷಣ: ‘ಸ್ವೆನ್ಸ್ಕ್’ ಎಂಬ ಸ್ವೀಡಿಷ್‌ನ ತಲೆಗೆ ‘ನೋರ್ಸ್ಕ್’ ಎಂಬ ನಾರ್ವೇಜಿಯನ್‌ನ ಬಾಲ ಅಂಟಿಸಿದರೆ ಸ್ವೋರ್ಸ್ಕ್. ಹೆಸರೇ ಅರಿಸಮಾಸ. ಅಂಥದ್ದನ್ನು ಆಡುವವರ ಬಾಯಲ್ಲಿ ವ್ಯಾಕರಣಶುದ್ಧಿ ಹುಡುಕುವುದು ಪಂಡಿತರಿಗೆ ಶೋಭೆಯಲ್ಲ.

ಕಾರಣ: ಎರಡೂ ದಾಯಾದಿ ಭಾಷೆಗಳು. ಒಬ್ಬರ ಮಾತು ಇನ್ನೊಬ್ಬರಿಗೆ ದುಭಾಷಿಯಿಲ್ಲದೆ ತಿಳಿಯುತ್ತದೆ. ತಿಳಿಯುತ್ತದೆಂಬ ಧೈರ್ಯವೇ ಸಕಲ ಅನರ್ಥಕ್ಕೂ ಮೂಲ.

ಉದಾಹರಣೆ: ಹೆಚ್ಚು ಸಂಬಳ ಸಿಗುತ್ತದೆಂದು 2000ದ ನಂತರ ಸಾವಿರಾರು ಸ್ವೀಡಿಷ್ ತರುಣರು ಓಸ್ಲೋಗೆ ಬಂದು ಕೆಫೆ, ಅಂಗಡಿಗಳಲ್ಲಿ ನಿಂತರು. ಅಂಥ ಹೊಸ ಮಾಣಿಯನ್ನು ಗಿರಾಕಿಯ ಮಗು ‘ಈಸ್’ ಕೇಳಿತು ಎನ್ನಿ. ಮಗುವಿಗೆ ಬೇಕಿದ್ದದ್ದು ಐಸ್‌ಕ್ರೀಮು. ಮಾಣಿಯ ಊರಿನಲ್ಲಿ ಆ ಶಬ್ದಕ್ಕೆ ಬರೀ ಮಂಜುಗಡ್ಡೆ. ಐಸ್‌ಕ್ರೀಮಿಗೆ ಅವನು ‘ಗ್ಲಾಸ್’ ಅನ್ನುತ್ತಾನೆ. ಅದನ್ನು ಕೇಳಿದ ತಾಯಿ ಲೋಟ ಯಾಕೆಂದು ಯೋಚಿಸುತ್ತಾಳೆ. ನಿನ್ನೆಯ ಪಾರ್ಟಿ ‘ರೂಲಿ’ಯಾಗಿತ್ತು ಎಂದರೆ ಅವನ ಲೆಕ್ಕದಲ್ಲಿ ಭಾರೀ ಮಜಾ, ಅವಳ ಲೆಕ್ಕದಲ್ಲಿ ಗಲಾಟೆಯಿಲ್ಲದ ಶಾಂತಿ. ತಿಂಗಳೊಪ್ಪತ್ತಿನಲ್ಲಿ ಮಾಣಿ ‘ಅಲ್ಲ’ ಎನ್ನಲು ತನ್ನ ‘ಇಂತೆ’ ಬಿಟ್ಟು ‘ಇಕ್ಕೆ’ ಹಿಡಿಯುತ್ತಾನೆ. ಶಬ್ದ ನಾರ್ವೆಯದು, ರಾಗ ಮಾತ್ರ ತವರಿನದೇ.

ಪೂರ್ವಪಕ್ಷ: ಇದರಿಂದ ಎರಡು ಭಾಷೆಗಳಿಗೂ ಮೈಲಿಗೆಯಲ್ಲವೆ?

ಸಮಾಧಾನ: ನೆಲಕ್ಕೇ ಇಲ್ಲದ ಮಡಿ ನಾಲಿಗೆಗೇಕೆ? ಎರಡು ದೇಶಗಳ ಗಡಿಯ ಮೇಲೆ 1914ರಲ್ಲಿ ಒಂದು ಶಾಂತಿಸ್ಮಾರಕ ಎದ್ದಿತು. 1959ರ ಒಂದು ರೇಡಿಯೋ ಕಾರ್ಯಕ್ರಮದಿಂದ ಆ ಜಾಗಕ್ಕೆ ಮೂರುಕೂಲಿಯೆನ್ ಎಂಬ ಹೆಸರು ಬಂತು. ‘ಮೂರು’ ನಾರ್ವೆಯವರ ಮಜಾ, ‘ಕೂಲ್’ ಸ್ವೀಡನ್ನಿನವರ ಮಜಾ.

ಸಿದ್ಧಾಂತ: 1814ರಿಂದ 1905ರವರೆಗೆ ಎರಡು ದೇಶಗಳಿಗೂ ರಾಜ ಒಬ್ಬನೇ, ಆದರೂ ಭಾಷೆ ಎರಡೇ ಉಳಿದವು. ಆದ್ದರಿಂದ ಭಾಷೆ ಬೆರೆಸುವುದು ಸಿಂಹಾಸನದ ಕೈಲಾಗುವ ಕೆಲಸವಲ್ಲ. ಇನ್ನೊಂದು ಪ್ರಮಾಣ: ಅಗ್ಗದ ಮಾಂಸ, ತಂಬಾಕು ತರಲು ನಾರ್ವೆಯವರು ಸ್ವಿನೆಸುಂಡ್ ಸೇತುವೆ ದಾಟಿ ಸ್ವೀಡನ್ನಿನ ಸ್ಟ್ರೋಮ್‌ಸ್ಟಾಡ್‌ಗೆ ಕಾರು ಓಡಿಸುತ್ತಾರೆ. ದುಡ್ಡು ಕೊಡುವವರು ಅವರು. ಒಂದಕ್ಷರ ಬದಲಿಸುವ ಅಗತ್ಯ ಅವರಿಗೆಲ್ಲಿದೆ? ಇಲ್ಲಿಗೆ ಸೂತ್ರ ಸಿದ್ಧ: ನಾಲಿಗೆ ಸಂಬಳ ಬರುವ ಕಡೆಗೆ ಹೊರಳುತ್ತದೆ, ಖರ್ಚಾಗುವ ಕಡೆಗಲ್ಲ.

ಫಲಶ್ರುತಿ: ಇದನ್ನು ಓದಿದವರಿಗೆ ಓಸ್ಲೋದಲ್ಲಿ ಕೇಳಿದ ಐಸ್‌ಕ್ರೀಮೇ ಸಿಗುತ್ತದೆ. ಮಾಣಿಯ ಭಾಷೆ ಕೆಟ್ಟಿತೆಂದು ಕೊರಗುವ ಶುದ್ಧಿವಾದಿಗಳು ಮೊದಲು ಬಿಲ್ಲು ಚುಕ್ತಾ ಮಾಡಲಿ. ವ್ಯಾಕರಣದ ಬಾಕಿ ಆಮೇಲೆ ನೋಡಿಕೊಳ್ಳೋಣ.