ಮಲಗಿ ನೋಡುವ ಆಕಾಶ

ಬಾಳಿನಲ್ಲಿ ತಲೆ ಎತ್ತಿ ನಡೆಯಬೇಕೆಂದು ಹಿರಿಯರು ಹೇಳಿದ್ದರು. ನಮ್ಮಲ್ಲಿ ಬಹಳಷ್ಟು ಜನ ತಲೆ ಎತ್ತುವುದು ತಾರಾಲಯದೊಳಗೆ ಮಾತ್ರ, ಅದೂ ಒರಗಿ ಕೂತು. ಬೋರಲು ಹಾಕಿದ ಬಾಣಲೆಯಂಥ ಗುಮ್ಮಟ, ಕತ್ತಲೆ, ತಂಪು ಹವೆ, ಹಿಂದಕ್ಕೆ ಬಾಗುವ ಕುರ್ಚಿ, ಗಂಭೀರ ದನಿಯ ವಿವರಣೆ: ನಿದ್ದೆಗೆ ಇನ್ನೇನು ಬೇಕು? ಶನಿಯ ಉಂಗುರ ಬರುವಷ್ಟರಲ್ಲಿ ಯಾರೋ ಯಜಮಾನರ ಗೊರಕೆ ಶುರು. ಗುಮ್ಮಟದ ಮಹಿಮೆ, ಅದೂ ನಾಲ್ಕೂ ದಿಕ್ಕಿನಿಂದ ಕೇಳಿಸುತ್ತದೆ.

ಇದಕ್ಕೆಲ್ಲ ಮೂಲ ಜರ್ಮನಿಯ ಝೈಸ್ ಕಂಪನಿ. 1923ರಲ್ಲಿ ಅದರ ಪ್ರೊಜೆಕ್ಟರ್ ಮ್ಯೂನಿಕ್‌ನ ಮ್ಯೂಸಿಯಂನಲ್ಲಿ ಹಗಲಲ್ಲೇ ನಕ್ಷತ್ರ ತೋರಿಸಿತು. ನಮ್ಮ ಗಣಿತದ ಮೇಷ್ಟ್ರು ಈ ಕೆಲಸವನ್ನು ಬರೀ ಬೆತ್ತದಲ್ಲಿ ಮಾಡುತ್ತಿದ್ದರು, ಬಿಡಿ. ಬೆಂಗಳೂರಿಗೆ ನೆಹರೂ ತಾರಾಲಯ ಬಂದದ್ದು 1989ರಲ್ಲಿ. ಮಂಗಳೂರಿನ ಪಿಲಿಕುಳದಲ್ಲಿ 2018ರಿಂದ ತ್ರೀಡಿ ಆಕಾಶ. ಕನ್ನಡಕ ಹಾಕಿದ ಮಕ್ಕಳು ಉಲ್ಕೆ ಹಿಡಿಯಲು ಕೈ ಚಾಚುತ್ತಾರೆ, ಅಪ್ಪಂದಿರು ಯಾರೂ ನೋಡದಂತೆ ಚಾಚುತ್ತಾರೆ.

ಇಂಥ ಗುಮ್ಮಟಗಳ ತೆರೆ ಸಾಮಾನ್ಯವಾಗಿ ಸಣ್ಣ ಸಣ್ಣ ತೂತುಗಳ ಅಲ್ಯೂಮಿನಿಯಂ ತಗಡು. ಸ್ಪೀಕರುಗಳು ಅದರ ಹಿಂದೆ ಅಡಗಿರುತ್ತವೆ. ರಾಕೆಟ್ ಏರಿದಾಗ ಕುರ್ಚಿ ಒಂದಿಂಚೂ ಕದಲುವುದಿಲ್ಲ, ಆದರೂ ಎಲ್ಲರೂ ಅದರ ಕೈ ಬಿಗಿಹಿಡಿಯುತ್ತಾರೆ. ಕಣ್ಣು 'ಹೊರಟೆವು' ಅನ್ನುತ್ತದೆ, ಒಳಕಿವಿ 'ಎಲ್ಲಿಗೆ? ಇಲ್ಲೇ ಇದ್ದೀವಲ್ಲ' ಅನ್ನುತ್ತದೆ. ಇವರಿಬ್ಬರ ಜಗಳದಲ್ಲಿ ತೊಳಸುವುದು ಪಾಪದ ಹೊಟ್ಟೆ.

ಆದ್ದರಿಂದ ಮಸಾಲೆದೋಸೆಯನ್ನು ಪ್ರದರ್ಶನದ ನಂತರ ತಿನ್ನಿ. ಮೊಬೈಲು ದಯವಿಟ್ಟು ಆರಿಸಿಡಿ. ಅದರ ಬೆಳಕು ಯಾವ ನಕ್ಷತ್ರಪುಂಜಕ್ಕೂ ಸೇರಿದ್ದಲ್ಲ.