ಲೋಡರ್ ಗೌಡರು

ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಕಾಲುವೆಯಲ್ಲಿ ಹೂಳು ಕೂರುವುದು ಎಷ್ಟು ಖಚಿತವೋ, ಊರಿಗೊಬ್ಬರು ಲೋಡರ್ ಗೌಡರು ಇರುವುದೂ ಹೆಚ್ಚುಕಡಿಮೆ ಅಷ್ಟೇ ಖಚಿತ. ದುಡಿದು ದುಡಿದು ಬಣ್ಣ ಕಳೆದುಕೊಂಡ ಟ್ರ್ಯಾಕ್ಟರನ್ನು ಮಾರಲೊಪ್ಪದೆ, ಅದರ ಮೂತಿಗೆ ಲೋಡರ್ ಕಟ್ಟಿಸಿಕೊಂಡು, ಅಂದರೆ ಎಣ್ಣೆಯ ಒತ್ತಡದಿಂದ ಏರಿಳಿಯುವ ಎರಡು ಕಬ್ಬಿಣದ ತೋಳುಗಳನ್ನೂ ಅವುಗಳ ತುದಿಗೊಂದು ಅಗಲವಾದ ಬಕೆಟ್ಟನ್ನೂ ಕೂಡಿಸಿಕೊಂಡು, ಆ ಬಕೆಟ್ಟಿಗೆ ತಕ್ಕ ರಾಶಿಯನ್ನು ಹುಡುಕುತ್ತ ಊರೆಲ್ಲ ತಿರುಗುವ ಹಿರಿಯರಿಗೆ ಈ ಹೆಸರು ಸಲ್ಲುತ್ತದೆ. ಅವರ ಜಮೀನು ಎಷ್ಟಿದೆಯೆಂದು ಕೇಳಿದರೆ ಊರವರಿಗೆ ತಕ್ಷಣ ಹೊಳೆಯದು. ಟ್ರ್ಯಾಕ್ಟರು ಯಾವುದೆಂದು ಕೇಳಿದರೆ ಕೂಸೂ ಹೇಳುತ್ತದೆ.

ಈ ಪ್ರಭೇದದ ಮೂಲವನ್ನು ಅರಿಯಲು ನಾಡಿನ ಚರಿತ್ರೆಯನ್ನು ಸ್ವಲ್ಪ ಕೆದಕಬೇಕಾಗುತ್ತದೆ. ಕೃಷ್ಣರಾಜಸಾಗರದಿಂದ ಹೊರಟು, ಮೊದಲು ವೈಸರಾಯ್ ಇರ್ವಿನ್ ಹೆಸರು ಹೊತ್ತಿದ್ದ ನಾಲೆಯು ಹುಲಿಕೆರೆಯ ಸುರಂಗವನ್ನು ಹಾಯ್ದು ಬಯಲಿಗೆ ಇಳಿದ ಮೇಲೆ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಕಬ್ಬು ತಲೆಯೆತ್ತಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಆ ಕಬ್ಬಿಗೆ ಮಂಡ್ಯದಲ್ಲೇ ಗಾಣ ಸಿಕ್ಕಿತು. ಕಬ್ಬು ಹೊರುವ ಕೆಲಸ ಎತ್ತಿನ ಗಾಡಿಯಿಂದ ಕ್ರಮೇಣ ಟ್ರೇಲರಿಗೆ ಬಂದಾಗ ಗೌಡರ ಮನೆಗೂ ಒಂದು ಟ್ರ್ಯಾಕ್ಟರು ಬಂತು. ಅದು 1960ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಟ್ಯಾಫೆ ಕಂಪನಿಯ ಮೆಸ್ಸಿ ಫರ್ಗ್ಯುಸನ್ ಆಗಿರಬಹುದು, ಅಥವಾ ಬೆಂಗಳೂರಿನವರು ಕೈಗಡಿಯಾರದ ಕಂಪನಿಯೆಂದೇ ನಂಬಿದ್ದ ಎಚ್‌ಎಂಟಿಯವರು ಜೆಕೊಸ್ಲೊವಾಕಿಯಾದ ಜೆಟರ್ ಸಂಸ್ಥೆಯ ಜೊತೆಗೂಡಿ 1971ರಿಂದ ಹರಿಯಾಣದ ಪಿಂಜೋರಿನಲ್ಲಿ ತಯಾರಿಸಿದ್ದು ಆಗಿರಬಹುದು. ಎಚ್‌ಎಂಟಿಯ ಟ್ರ್ಯಾಕ್ಟರು ವಿಭಾಗವನ್ನು ಮುಚ್ಚುವ ನಿರ್ಧಾರ 2016ರಲ್ಲಿ ಹೊರಬಿದ್ದರೂ ಗೌಡರ ಮಟ್ಟಿಗೆ ಆ ಸುದ್ದಿ ಇನ್ನೂ ಜಾರಿಗೆ ಬಂದಿಲ್ಲ. ಹೊಸ ಟ್ರ್ಯಾಕ್ಟರಿನ ಮಾತೆತ್ತಿದವರಿಗೆ ಅವರ ಉತ್ತರ ಸಿದ್ಧವಾಗಿರುತ್ತದೆ: “ಈಗಿನ್ ಗಾಡೀಲಿ ಏನದೆ ಕಣಯ್ಯ, ಬರೀ ತಗಡು!”

ಇಲ್ಲಿ ಒಂದು ಶಾಸ್ತ್ರೀಯ ತೊಡಕನ್ನು ವಿವರಿಸಬೇಕು. ಹಳೆಯ ಟ್ರ್ಯಾಕ್ಟರನ್ನು ರೂಪಿಸಿದ್ದು ಹಿಂದೆ ನೇಗಿಲು ಕಟ್ಟಿ ಎಳೆಯುವುದಕ್ಕೆ. ಹ್ಯಾರಿ ಫರ್ಗ್ಯುಸನ್ ಕಂಡುಹಿಡಿದ ಮೂರು ಕೊಂಡಿಗಳ ಜೋಡಣೆಯಲ್ಲಿ ಮಣ್ಣಿನ ಬಿಗಿತವೇ ಹಿಂದಿನ ಗಾಲಿಗಳ ಮೇಲೆ ಭಾರವಾಗಿ ಕೂತು ಗಾಲಿಗೆ ನೆಲದ ಹಿಡಿತ ಕೊಡುತ್ತದೆ. ಅದೇ ಯಂತ್ರದ ಮೂತಿಗೆ ಬಕೆಟ್ಟು ಕಟ್ಟಿ ಹಸಿ ಹೂಳು ತುಂಬಿದರೆ ಭಾರವೆಲ್ಲ ಮುಂದಿನ ಸಣ್ಣ ಗಾಲಿಗಳಿಗೆ ವರ್ಗವಾಗಿ, ಹಿಂದಿನ ದೊಡ್ಡ ಗಾಲಿಗಳು ನೆಲ ಬಿಡುವ ಹವಣಿಕೆಯಲ್ಲಿರುತ್ತವೆ. ಪವರ್ ಸ್ಟಿಯರಿಂಗ್ ಇಲ್ಲದ ಕಾರಣ ಚಕ್ರ ತಿರುಗಿಸುವುದು ಗರಡಿಮನೆಯ ಸಾಧನೆಯಾಗುತ್ತದೆ. ಇದಕ್ಕೆ ಪರಿಹಾರ ಹಿಂಬದಿಗೆ ಎದುರುಭಾರ ಕಟ್ಟುವುದು. ಪುಸ್ತಕದಲ್ಲಿ ಎದುರುಭಾರವೆಂದರೆ ಎರಕದ ಕಬ್ಬಿಣ ಅಥವಾ ಕಾಂಕ್ರೀಟು. ಲೋಡರ್ ಗೌಡರ ಪದ್ಧತಿಯಲ್ಲಿ ಅದು ಮರಳಿನ ಮೂಟೆ, ಮುರಿದ ಒರಳುಕಲ್ಲು, ಮಗನ ಮನೆ ಕಟ್ಟಿ ಉಳಿದ ಚಪ್ಪಡಿ, ಹೀಗೆ ಗೃಹಕೃತ್ಯದಿಂದ ನಿವೃತ್ತಿ ಹೊಂದಿದ ಯಾವ ವಸ್ತುವೂ ಆಗಬಹುದು. ಬ್ಯಾಟರಿಯನ್ನು ನಂಬುವಂತಿಲ್ಲವಾದ್ದರಿಂದ ಟ್ರ್ಯಾಕ್ಟರು ಯಾವಾಗಲೂ ಇಳಿಜಾರಿನಲ್ಲೇ ನಿಲ್ಲುತ್ತದೆ. ಬೆಳಿಗ್ಗೆ ಕಲ್ಲು ತೆಗೆದರೆ ಅದು ತಾನೇ ಉರುಳಿ, ಗೇರು ಬಿದ್ದು, ಹೊಗೆ ಕಾರಿ ಎದ್ದೇಳುತ್ತದೆ. ಮಗಳಿಗೆ ಸಂಬಂಧ ನೋಡಲು ಹೋದ ಊರಿನಲ್ಲಿ ಗಂಡಿಗಿಂತ ಮೊದಲು ಇಳಿಜಾರನ್ನು ನೋಡಿಕೊಂಡವರೂ ಇವರೇ.

ಬಕೆಟ್ಟಿಗೆ ಕೆಲಸವೇನು ಕಡಿಮೆಯಿಲ್ಲ. ನೀರು ನಿಲ್ಲಿಸಿದ ಬೇಸಿಗೆಯಲ್ಲಿ ಹೊಲಗಾಲುವೆಯ ಹೂಳು, ಉಳುಮೆಗೆ ಮುನ್ನ ತಿಪ್ಪೆಯ ಗೊಬ್ಬರ, ಆಲೆಮನೆಯ ಮುಂದೆ ಗುಡ್ಡೆಬಿದ್ದ ಬೂದಿ, ಹಬ್ಬಕ್ಕೆ ಮುಂಚೆ ದೇವಸ್ಥಾನದ ಮುಂದಿನ ಕಸ, ಇವೆಲ್ಲ ಅವರ ಪಾಲಿನವು. ಡಾಂಬರು ರಸ್ತೆಯ ಮೇಲೆ ಹುರುಳಿಯನ್ನೋ ರಾಗಿತೆನೆಯನ್ನೋ ಹರಡಿ, ಬಸ್ಸು ಲಾರಿಗಳಿಂದ ಪುಕ್ಕಟೆ ಒಕ್ಕಣೆ ಮಾಡಿಸಿಕೊಂಡ ರೈತರು ಕಾಳನ್ನು ಬಾಚಿಕೊಂಡು ಹೋದ ಮೇಲೆ, ರಸ್ತೆಯಲ್ಲಿ ಉಳಿದ ಹೊಟ್ಟನ್ನು ಅಂಚಿಗೆ ತಳ್ಳುವವರು ಸಹ ಅವರೇ. ಇದಕ್ಕೆ ಯಾರೂ ಬಾಡಿಗೆ ಕೊಡುವುದಿಲ್ಲ, ಅವರು ಕೇಳುವುದೂ ಇಲ್ಲ, ದಾರಿಹೋಕರು ನಿಂತು ನೋಡಿದರೆ ಸಾಕು. ಗೌಡರ ನಿಜವಾದ ಸಂಕಟವಿರುವುದು ಜೆಸಿಬಿಯಲ್ಲಿ. ಅರ್ಧ ದಿನದ ಹೂಳನ್ನು ಅದು ಒಂದು ತಾಸಿನಲ್ಲಿ ಮುಗಿಸಿ ಹೋಗುವುದು ಅವರ ದೃಷ್ಟಿಯಲ್ಲಿ ದಕ್ಷತೆಯಲ್ಲ, ದುಡುಕು. ಬದುವಿನ ಮೇಲೆ ಕೂತು ನೋಡುವುದಕ್ಕೆ, ಎಲೆಯಡಿಕೆ ಹಾಕಿಕೊಳ್ಳುವುದಕ್ಕೆ, ಮೇಲಿನವರು ನೀರು ಕದ್ದುದನ್ನು ಚರ್ಚಿಸುವುದಕ್ಕೆ ಅದು ಅವಕಾಶವನ್ನೇ ಕೊಡುವುದಿಲ್ಲವೆಂಬ ಅವರ ಆಕ್ಷೇಪದಲ್ಲಿ, ನೀರು ತಡವಾಗಿ ತಲುಪುವ ನಾಲೆಯ ಕೊನೆ ಭಾಗದ ಮಳವಳ್ಳಿಯವರಿಗೆ ವಿಶೇಷ ಅರ್ಥ ಕಾಣಬಹುದು.

ಈಚೆಗೆ ಅವರ ಪಕ್ಷಕ್ಕೆ ಅಂತರರಾಷ್ಟ್ರೀಯ ಬೆಂಬಲ ದೊರೆತಿದೆ. ಅಮೆರಿಕದಲ್ಲಿ ನೆಲೆಸಿರುವ ಮೊಮ್ಮಗ ಫೋನಿಗೆ ಕಳಿಸಿದ ವಿಡಿಯೊದಲ್ಲಿ, ತಮ್ಮಷ್ಟೇ ವಯಸ್ಸಿನ ಬಿಳಿಯ ಮುದುಕನೊಬ್ಬ ತಮ್ಮದಷ್ಟೇ ಹಳೆಯ ಟ್ರ್ಯಾಕ್ಟರಿನ ಲೋಡರಿನಿಂದ ಮನೆ ಮುಂದಿನ ಹಿಮವನ್ನು ತಳ್ಳುತ್ತಿರುವುದನ್ನು ಕಂಡಂದಿನಿಂದ ಅದನ್ನು ಊರಿನಲ್ಲಿ ತೋರಿಸದ ಮನೆಯಿಲ್ಲ. ಸರ್ ಎಡ್ಮಂಡ್ ಹಿಲರಿಯವರ ತಂಡ ಪಟ್ಟಿ ತೊಡಿಸಿದ ಫರ್ಗ್ಯುಸನ್ ಟ್ರ್ಯಾಕ್ಟರುಗಳಲ್ಲಿ 1958ರ ಜನವರಿ 4ರಂದು ದಕ್ಷಿಣ ಧ್ರುವವನ್ನೇ ಮುಟ್ಟಿತೆಂದು ಶಾಲೆಯ ಮೇಷ್ಟ್ರು ಹೇಳಿದ ಮೇಲಂತೂ, ಮದ್ದೂರಿನ ಸಂತೆಗೆ ಹೋಗಿಬರುವಾಗ ಗೌಡರು ಕೂರುವ ಭಂಗಿಯೇ ಬದಲಾಗಿದೆ. ಆದರೆ ಅವರ ರೈತಬುದ್ಧಿ ಹಿಮವನ್ನು ಪೂರ್ತಿ ಒಪ್ಪಿಕೊಂಡಿಲ್ಲ. ಅಷ್ಟು ಡೀಸೆಲ್ ಸುಟ್ಟು ತಳ್ಳಿದ್ದು ಬಿಸಿಲು ಬಂದರೆ ತಾನೇ ಹೋಗುತ್ತದೆಂದು ತಿಳಿದಾಗ ಅವರು ಕೊಟ್ಟ ತೀರ್ಪು: “ಗದ್ದೆಗ್ ಹಾಕಂಗಿಲ್ಲ, ಗೊಬ್ರಕ್ಕೂ ಬರಲ್ಲ, ಅದ್ಯಾವ್ ಸೀಮೆ ಹೂಳ್ಲಾ!” ಹೂಳಿನ ಬಗ್ಗೆ ಅವರ ಈ ಗೌರವ ನಿರಾಧಾರವಲ್ಲ, ನೀರು ಹೊತ್ತು ತಂದ ನಯವಾದ ಮಣ್ಣನ್ನು ಗದ್ದೆಗೆ ಹೊಡೆಸುವುದು ಈ ಸೀಮೆಯ ಹಳೆಯ ರೂಢಿ.

ಮನೆಯವರ ಅಭಿಪ್ರಾಯ ಬೇರೆ. ಟ್ರ್ಯಾಕ್ಟರಿಗೆ ಸುರಿದ ದುಡ್ಡಿನಲ್ಲಿ ಇನ್ನೊಂದು ಮನೆ ಕಟ್ಟಬಹುದಿತ್ತೆಂದು ಗೌಡತಿಯವರು ಹೇಳುತ್ತಲೇ, ಆಯುಧಪೂಜೆಯ ದಿನ ಗಾಲಿಯಡಿಗೆ ನಿಂಬೆಹಣ್ಣು ಇಡುವುದನ್ನು ಮಾತ್ರ ಮರೆಯುವುದಿಲ್ಲ. ಸಂಕ್ರಾಂತಿಯ ಸಂಜೆ ಎತ್ತುಗಳಿಗೆ ಕಿಚ್ಚು ಹಾಯಿಸುವಾಗ, ಅಂದರೆ ಹುಲ್ಲಿನ ಬೆಂಕಿಯನ್ನು ದಾಟಿಸುವಾಗ, ಟ್ರ್ಯಾಕ್ಟರನ್ನೂ ಹಾಯಿಸಿ ಎಂದು ಪಡ್ಡೆಗಳು ಕೆಣಕಿದರೆ, ಅದರ ಹೊಟ್ಟೆಯಲ್ಲೇ ಕಿಚ್ಚಿದೆಯೆಂದು ಗೌಡರು ತಣ್ಣಗೆ ಉತ್ತರಿಸುತ್ತಾರೆ.

ಅವರಿಂದ ಕೆಲಸ ಆಗಬೇಕಾದ ಓದುಗರು ಬೆಳಿಗ್ಗೆ ಬೇಗ, ಡೀಸೆಲ್ ಕ್ಯಾನನ್ನು ಕೈಯಲ್ಲಿ ಹಿಡಿದೇ ಹೋಗುವುದು ಒಳ್ಳೆಯದು. ಇಂಜಿನ್ನಿನ ಸದ್ದನ್ನು ಹೊಗಳಬೇಕು, ಸೋರುವ ಎಣ್ಣೆಯನ್ನು ನೋಡಬಾರದು, ಜೆಸಿಬಿಗೆ ತಾಸಿಗೆ ಎಷ್ಟೆಂದು ಅವರೆದುರು ಅಪ್ಪಿತಪ್ಪಿಯೂ ಕೇಳಬಾರದು.